ಮಾಧ್ಯಮಕ್ಕೆ ಅಷ್ಟು ಶಕ್ತಿಯಿದ್ದರೆ ಭೂಮಿಯನ್ನೇಕೆ ಉಳಿಸುವುದಿಲ್ಲ?

ಪ್ರಶ್ನೆ: ಜಾಹೀರಾತು, ಸುದ್ದಿವಾಹಿನಿ, ಮೊಬೈಲ್ ಪರದೆ ಎಲ್ಲವೂ ಸೇರಿ ನಮ್ಮ ತಲೆ ಕೆಡಿಸಿ, ಬೇಡದ ವಸ್ತುಗಳನ್ನು ಕೊಳ್ಳುವಂತೆ ಮಾಡುತ್ತಿವೆ ಎಂದು ಪರಿಸರದ ಬಗ್ಗೆ ಮಾತನಾಡುವವರೆಲ್ಲ ಹೇಳುತ್ತಾರೆ. ಅಷ್ಟು ಶಕ್ತಿ ಮಾಧ್ಯಮಕ್ಕಿದ್ದರೆ, ಜನರು ಕಡಿಮೆ ಬಳಸುವಂತೆ ಮನವೊಲಿಸಲು ಅದೇ ಶಕ್ತಿಯನ್ನು ಏಕೆ ಬಳಸಬಾರದು? ಇನ್ನೊಂದು ಗೊಂದಲ: ಒಬ್ಬರು ‘ಮೊದಲು ನಿಮ್ಮ ಬಳಕೆಯನ್ನು ತಗ್ಗಿಸಿ’ ಎನ್ನುತ್ತಾರೆ, ಮತ್ತೊಬ್ಬರು ‘ತಪ್ಪೆಲ್ಲ ನೂರು ಕಂಪನಿಗಳದ್ದು’ ಎನ್ನುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಮಾಧ್ಯಮ ಮನಸ್ಸು ಮಾಡಿದರೆ ಯಾರ ತಲೆಯಲ್ಲಿ ಏನನ್ನು ಬೇಕಾದರೂ ತುಂಬಬಲ್ಲದು ಎಂಬ ನಂಬಿಕೆಯ ಮೇಲೆ ನಿಮ್ಮ ಪ್ರಶ್ನೆ ನಿಂತಿದೆ. ಮೊದಲು ಅದನ್ನೇ ಸ್ವಲ್ಪ ಅಲುಗಾಡಿಸಿ ನೋಡೋಣ. ಏಕೆಂದರೆ ಈ ನಂಬಿಕೆಯನ್ನು ಎಲ್ಲರಿಗಿಂತ ಹೆಚ್ಚು ಹರಡಿದವರು ಮನವೊಲಿಕೆಯನ್ನೇ ಕಸುಬಾಗಿಸಿಕೊಂಡವರು.

1957ರಲ್ಲಿ ಅಮೆರಿಕದ ಜೇಮ್ಸ್ ವಿಕಾರಿ ಎಂಬ ಮಾರುಕಟ್ಟೆ ಸಂಶೋಧಕ ಒಂದು ಸುದ್ದಿ ಹೊರಡಿಸಿದ. ನ್ಯೂಜೆರ್ಸಿಯ ಚಿತ್ರಮಂದಿರವೊಂದರಲ್ಲಿ ಸಿನಿಮಾ ನಡೆಯುತ್ತಿರುವಾಗಲೇ ಕಣ್ಣಿಗೆ ನಿಲುಕದಷ್ಟು ಕ್ಷಣಿಕವಾಗಿ ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾ ಕೋಲಾ ಕುಡಿಯಿರಿ’ ಎಂಬ ಸಂದೇಶಗಳನ್ನು ಪರದೆಯ ಮೇಲೆ ಮಿನುಗಿಸಿದ್ದಾಗಿಯೂ, ಎರಡರ ಮಾರಾಟವೂ ಜಿಗಿದದ್ದಾಗಿಯೂ ಆತ ಹೇಳಿಕೊಂಡ. ಪತ್ರಿಕೆಗಳು ಹೌಹಾರಿದವು. ಪ್ರಯೋಗವನ್ನು ಬೇರೆಯವರು ಮಾಡಿ ನೋಡಿದಾಗ ಏನೂ ಆಗಲಿಲ್ಲ. ತನ್ನ ಬಳಿ ಇದ್ದ ಅಂಕಿಅಂಶ ಯಾವ ತೀರ್ಮಾನಕ್ಕೂ ಸಾಲುವಂಥದ್ದಾಗಿರಲಿಲ್ಲ ಎಂದು 1962ರಲ್ಲಿ ಆತನೇ ಒಪ್ಪಿಕೊಂಡ. ಆದರೂ ಆ ಕಥೆ ಇಂದಿಗೂ ಭಾಷಣಗಳಲ್ಲಿ ಬದುಕಿದೆ. ಜಾಹೀರಾತು ಏಜೆನ್ಸಿಗೆ ಗಿರಾಕಿಯ ಮುಂದೆ ತನ್ನ ಮಂತ್ರಶಕ್ತಿಯನ್ನು ತೋರಿಸಿಕೊಳ್ಳಬೇಕು. ಜಾಹೀರಾತನ್ನು ಬೈಯುವವರಿಗೂ ಒಬ್ಬ ಮಂತ್ರವಾದಿ ಬೇಕೇ ಬೇಕು. ಹೀಗೆ ಇಬ್ಬರೂ ಸೇರಿ ಆ ಕಥೆಗೆ ನೀರೆರೆದುಕೊಂಡು ಬಂದಿದ್ದಾರೆ.

ಒಂದು ಜಾಹೀರಾತು ಒಬ್ಬ ಮನುಷ್ಯನ ಅಭಿಪ್ರಾಯವನ್ನು ಉಲ್ಟಾ ಮಾಡುವುದು ಅಪರೂಪ. ಮಾಧ್ಯಮದ ನಿಜವಾದ ಕೈಚಳಕ ಬೇರೆ ಕಡೆ ಇದೆ. ಮ್ಯಾಕ್ಸ್‌ವೆಲ್ ಮ್ಯಾಕೂಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ವಿದ್ವಾಂಸರು 1968ರ ಅಮೆರಿಕದ ಚುನಾವಣೆಯ ವೇಳೆ ಚಾಪೆಲ್ ಹಿಲ್ ಎಂಬ ಊರಿನ ಮತದಾರರನ್ನು ಮಾತನಾಡಿಸಿದರು. ಪತ್ರಿಕೆಗಳು, ಟಿವಿ ಯಾವ ವಿಷಯಗಳಿಗೆ ಜಾಗ ಕೊಟ್ಟಿದ್ದವೋ ಅವೇ ದೇಶದ ಮುಖ್ಯ ಸಮಸ್ಯೆಗಳು ಎಂದು ಮತದಾರರೂ ಎಣಿಸಿದ್ದರು. 1972ರಲ್ಲಿ ಪ್ರಕಟವಾದ ಆ ಅಧ್ಯಯನದ ತಿರುಳನ್ನು ಹೀಗೆ ಹೇಳಬಹುದು: ಯಾವ ಉತ್ತರ ಕೊಡಬೇಕು ಎಂಬುದನ್ನು ಮಾಧ್ಯಮ ನಿಮ್ಮಿಂದ ಸುಲಭವಾಗಿ ಹೇಳಿಸಲಾರದು, ಯಾವ ಪ್ರಶ್ನೆಯ ಮೇಲೆ ತಲೆ ಕೆಡಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಸಲೀಸಾಗಿ ಗೊತ್ತುಮಾಡುತ್ತದೆ. ಪರಿಸರದ ವಿಷಯದಲ್ಲಿ ಆಗಿರುವುದೂ ಇದೇ. ‘ಇದಕ್ಕೆ ಯಾರು ಹೊಣೆ?’ ಎಂಬ ಪ್ರಶ್ನೆಯನ್ನು ಯಾರ ಮನೆ ಬಾಗಿಲಿಗೆ ಕಳುಹಿಸಬೇಕು ಎಂಬುದನ್ನು ತೀರ್ಮಾನಿಸಿದವರ ಕೈಯಲ್ಲಿ ಅಧಿಕಾರವಿದೆ.

ಒಂದು ಜಾಹೀರಾತನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1971ರ ಭೂ ದಿನದಂದು ಅಮೆರಿಕದ ಟಿವಿಯಲ್ಲಿ ಮೊದಲ ಬಾರಿಗೆ ಬಂದದ್ದು ಅದು. ಗರಿ ಸಿಕ್ಕಿಸಿಕೊಂಡ ಮೂಲನಿವಾಸಿಯೊಬ್ಬ ದೋಣಿ ನಡೆಸುತ್ತ ಬರುತ್ತಾನೆ. ನದಿಯಲ್ಲಿ ಕಸ ತೇಲುತ್ತಿದೆ, ಹಿಂದೆ ಕಾರ್ಖಾನೆಗಳ ಹೊಗೆ. ಆತ ದಡ ಸೇರಿ ಹೆದ್ದಾರಿಯ ಪಕ್ಕ ನಿಂತಾಗ, ಓಡುವ ಕಾರಿನಿಂದ ಯಾರೋ ಎಸೆದ ಕಸದ ಪೊಟ್ಟಣ ಆತನ ಕಾಲ ಬುಡದಲ್ಲಿ ಒಡೆದು ಚೆಲ್ಲುತ್ತದೆ. ಆತ ಕ್ಯಾಮೆರಾದತ್ತ ತಿರುಗುತ್ತಾನೆ. ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು. ಮಾಲಿನ್ಯವನ್ನು ಶುರು ಮಾಡುವವರು ಜನ, ನಿಲ್ಲಿಸಬಲ್ಲವರೂ ಜನರೇ ಎಂಬ ಅರ್ಥದ ಘೋಷಣೆಯೊಂದಿಗೆ ಜಾಹೀರಾತು ಮುಗಿಯುತ್ತದೆ.

ದೃಶ್ಯಗಳ ಸರದಿಯನ್ನು ಗಮನಿಸಿ. ಕಾರ್ಖಾನೆಯ ಹೊಗೆ ಚಿತ್ರದಲ್ಲಿ ಇದೆ, ಆದರೆ ಅದು ಹಿನ್ನೆಲೆ ಮಾತ್ರ. ಆತನನ್ನು ಅಳಿಸಿದ್ದು ಹೊಗೆಯಲ್ಲ, ಕಾರಿನಿಂದ ಬಿದ್ದ ಪೊಟ್ಟಣ. ಜಾಹೀರಾತನ್ನು ಹೊರತಂದದ್ದು ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ. 1953ರಲ್ಲಿ ಅದು ಹುಟ್ಟಿದಾಗ ಬೆನ್ನಿಗಿದ್ದವರು ಡಬ್ಬಿ, ಬಾಟಲಿ ತಯಾರಿಸುವ ಕಂಪನಿಗಳು. ಖಾಲಿ ಬಾಟಲಿಯನ್ನು ತೊಳೆದು ಮತ್ತೆ ತುಂಬುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಒಮ್ಮೆ ಕುಡಿದು ಎಸೆಯುವ ಪಾತ್ರೆಗಳನ್ನು ಮಾರುಕಟ್ಟೆಗೆ ತುಂಬುತ್ತಿದ್ದವರು ಅವರೇ. ಅದೇ 1953ರಲ್ಲಿ ವರ್ಮಾಂಟ್ ರಾಜ್ಯವು ಮರಳಿ ತುಂಬಲಾಗದ ಬಿಯರ್ ಬಾಟಲಿಗಳ ಮಾರಾಟವನ್ನು ನಿಷೇಧಿಸಿತ್ತು. ಕೆಲವೇ ವರ್ಷಗಳಲ್ಲಿ ಆ ಕಾನೂನು ಕಣ್ಮುಚ್ಚಿತು. ಕಣ್ಣೀರಿನ ಜಾಹೀರಾತು ಬಂದ 1971ರಲ್ಲೇ ಆರೆಗಾನ್ ರಾಜ್ಯ ಬಾಟಲಿಗೆ ಠೇವಣಿ (ಖಾಲಿ ಬಾಟಲಿ ಮರಳಿಸಿದರೆ ವಾಪಸು ಸಿಗುವ ಹಣ) ಕಡ್ಡಾಯ ಮಾಡುವ ಕಾನೂನನ್ನು ತಂದಿತು. ಇಂಥ ಕಾನೂನುಗಳನ್ನು ಆ ಸಂಸ್ಥೆಯ ಮುಂದಾಳುಗಳು ಬಹಿರಂಗವಾಗಿಯೇ ವಿರೋಧಿಸಿದಾಗ, ಅಲ್ಲಿಯವರೆಗೆ ಜೊತೆಗಿದ್ದ ಪರಿಸರ ಸಂಘಟನೆಗಳು ಅದರಿಂದ ಹೊರನಡೆದವು. ಅತ್ತವನೂ ಮೂಲನಿವಾಸಿಯಾಗಿರಲಿಲ್ಲ, ಇಟಲಿಯಿಂದ ವಲಸೆ ಬಂದ ದಂಪತಿಯ ಮಗನಾಗಿದ್ದ ಒಬ್ಬ ನಟ. ಇದು ಹರಟೆಗೆ ಒದಗುವ ಸಂಗತಿ, ಅಷ್ಟೆ. ಆತ ಅಪ್ಪಟ ಮೂಲನಿವಾಸಿಯೇ ಆಗಿದ್ದರೂ ನನ್ನ ತಕರಾರು ಹಾಗೇ ಉಳಿಯುತ್ತಿತ್ತು.

ಜಾಹೀರಾತಿನಲ್ಲಿ ಹುಡುಕಿದರೂ ಒಂದು ಸುಳ್ಳು ವಾಕ್ಯ ಸಿಗುವುದಿಲ್ಲ. ಕಸ ಎಸೆಯುವುದು ಕೆಟ್ಟದ್ದೇ. ಜನ ಎಸೆಯುತ್ತಾರೆ ಎಂಬುದೂ ನಿಜವೇ. ಆದರೆ ‘ಎಸೆಯುವಂಥ ಬಾಟಲಿಯನ್ನು ತಯಾರಿಸಲು ಯಾರು ನಿರ್ಧರಿಸಿದರು?’ ಎಂಬ ಪ್ರಶ್ನೆ ನೋಡುಗರ ಮನಸ್ಸಿನಲ್ಲಿ ಏಳುವ ಮೊದಲೇ ‘ನಾನು ಕಸ ಎಸೆಯುತ್ತೇನೆಯೇ?’ ಎಂಬ ಅಪರಾಧಿಭಾವ ಬಂದು ಕುಳಿತುಬಿಟ್ಟಿತು. ಈ ಕೆಲಸಕ್ಕೆ ಬುದ್ಧಿವಂತರು ಸುಳ್ಳನ್ನು ಬಳಸುವುದೇ ಇಲ್ಲ, ಸುಳ್ಳು ಯಾವತ್ತಾದರೂ ಸಿಕ್ಕಿಬೀಳುತ್ತದೆ.

‘ಇಂಗಾಲದ ಹೆಜ್ಜೆಗುರುತು’, ಅಂದರೆ ಒಬ್ಬರ ಬದುಕಿನಿಂದ ಗಾಳಿಗೆ ಸೇರುವ ಇಂಗಾಲದ ಲೆಕ್ಕ, ಎಂಬ ಮಾತಿನದೂ ಹೆಚ್ಚುಕಡಿಮೆ ಇದೇ ಕಥೆ. ಮನುಷ್ಯರ ಬಳಕೆಗೆ ಎಷ್ಟು ಭೂಮಿ ಬೇಕಾಗುತ್ತದೆ ಎಂದು ಲೆಕ್ಕ ಹಾಕುವ ಪರಿಸರ ಹೆಜ್ಜೆಗುರುತಿನ ಕಲ್ಪನೆಯನ್ನು ವಿಲಿಯಂ ರೀಸ್ ಮತ್ತು ಮಾಥಿಸ್ ವಾಕರ್ನಾಗೆಲ್ 1990ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ರೂಪಿಸಿದರು. ಅದು ಗಂಭೀರವಾದ ವಿದ್ವತ್ತು. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಇಂಗಾಲದ ಲೆಕ್ಕವನ್ನು ತಾವೇ ಹಾಕಿಕೊಳ್ಳಲಿ ಎಂದು 2000ದ ದಶಕದಲ್ಲಿ ದೊಡ್ಡ ಹಣ ಸುರಿದು ಮನೆಮನೆಗೆ ಮುಟ್ಟಿಸಿದ್ದು ಬಿಪಿ ಎಂಬ ತೈಲ ಕಂಪನಿ. ಅದರ ಲೆಕ್ಕಯಂತ್ರ 2004ರಲ್ಲಿ ಬಂತು. ತೈಲ ತೆಗೆದು ಮಾರುವವರು, ಅದನ್ನು ಉರಿಸುವವರಿಗೆ ಸಂಯಮದ ಪಾಠ ಹೇಳುವುದು ವಿಚಿತ್ರವೇ. ಆ ಲೆಕ್ಕಯಂತ್ರ ನೀವು ಎಷ್ಟು ದೂರ ಕಾರು ಓಡಿಸುತ್ತೀರಿ ಎಂದು ಕೇಳುತ್ತದೆ. ನೀವಿರುವ ಕಡೆ ಬಸ್ ಬರುತ್ತದೆಯೇ, ಬರದಿದ್ದರೆ ಏಕೆ ಬರುವುದಿಲ್ಲ ಎಂದು ಕೇಳುವುದಿಲ್ಲ.

ಹಾಗೆಂದು ‘ನೂರು ಕಂಪನಿಗಳದ್ದೇ ತಪ್ಪು’ ಎನ್ನುವವರ ಹಿಂದೆ ಕಣ್ಣುಮುಚ್ಚಿ ಹೋಗಬೇಡಿ. ಆ ಮಾತಿನ ಮೂಲ 2017ರ ಒಂದು ವರದಿ. 1988ರಿಂದ ಹೊರಬಿದ್ದ ಕೈಗಾರಿಕಾ ಹಸಿರುಮನೆ ಅನಿಲಗಳ (ಭೂಮಿಯ ತಾಪ ಏರಿಸುವ ಅನಿಲಗಳ) ಶೇ. 71ರಷ್ಟನ್ನು ನೂರು ಇಂಧನ ಉತ್ಪಾದಕರಿಗೆ ಜೋಡಿಸಬಹುದು ಎಂದು ಅದು ಹೇಳುತ್ತದೆ. ‘ಜೋಡಿಸಬಹುದು’ ಎಂಬುದು ಇಲ್ಲಿ ಮುಖ್ಯ. ಆ ಲೆಕ್ಕದ ಬಹುಪಾಲು, ಕಂಪನಿಗಳು ಅಗೆದು ಮಾರಿದ ಕಲ್ಲಿದ್ದಲು, ತೈಲ, ಅನಿಲವನ್ನು ಕೊಂಡವರು ಉರಿಸಿದಾಗ ಬಂದ ಹೊಗೆ. ಪಟ್ಟಿಯಲ್ಲಿರುವ ಹಲವು ಸಂಸ್ಥೆಗಳು ಖಾಸಗಿಯೂ ಅಲ್ಲ, ಸರ್ಕಾರಗಳ ಸ್ವತ್ತು. ನಮ್ಮ ವಾಹನದ ಹೊಗೆಯೂ ಆ ಶೇ. 71ರ ಒಳಗೇ ಇದೆ. ಇದನ್ನು ಬಿಟ್ಟು ಬರೀ ಸಂಖ್ಯೆಯನ್ನು ಹಂಚಿಕೊಳ್ಳುವವರು ನಮ್ಮ ಮೂಗಿಗೆ ತುಪ್ಪ ಸವರುತ್ತಿದ್ದಾರೆ. ಮೊದಲ ಕಥೆ ‘ಎಲ್ಲ ನಿನ್ನಿಂದ’ ಎಂದಿತು, ಎರಡನೆಯದು ‘ನಿನ್ನಿಂದ ಏನೂ ಇಲ್ಲ’ ಎನ್ನುತ್ತದೆ. ಎರಡನೆಯದು ಕೇಳಲು ಹಿತ, ಹಂಚಿಕೊಳ್ಳಲು ಇನ್ನೂ ಹಿತ. ನಾನು ಒಪ್ಪುವ ಉತ್ತರ ಇದು: ಹೊಗೆ ಎಲ್ಲರದು, ಆದರೆ ಹೊಗೆಯಿಲ್ಲದ ಆಯ್ಕೆಗಳನ್ನು ತಡೆಹಿಡಿದವರು ಕೆಲವರು ಮಾತ್ರ. ಹೊಣೆಯನ್ನು ಹಂಚುವಾಗ ಉರಿಸಿದ ಲೀಟರ್‌ಗಳನ್ನಷ್ಟೇ ಎಣಿಸಿದರೆ ಸಾಲದು. ನಿರ್ಧಾರ ಬದಲಿಸುವ ಅಧಿಕಾರ ಯಾರಿಗೆ ಎಷ್ಟಿತ್ತು ಎಂಬುದನ್ನೂ ತೂಗಬೇಕು.

ತಡೆಹಿಡಿದದ್ದು ಹೇಗೆ ಎನ್ನುವುದಕ್ಕೆ ದಾಖಲೆಗಳಿವೆ. ಈ ವಿದ್ಯೆಯನ್ನು ಮೊದಲು ಕರಗತ ಮಾಡಿಕೊಂಡವರು ತಂಬಾಕಿನವರು. 1954ರ ಜನವರಿಯಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಇಡೀ ಪುಟದ ಹೇಳಿಕೆ ಕೊಟ್ಟವು. ಸಿಗರೇಟಿನಿಂದ ಕ್ಯಾನ್ಸರ್ ಬರುವುದಿಲ್ಲ ಎಂದು ಅವು ವಾದಕ್ಕೆ ಇಳಿಯಲಿಲ್ಲ. ತಜ್ಞರಲ್ಲೇ ಒಮ್ಮತವಿಲ್ಲ, ನಾವೂ ಸಂಶೋಧನೆಗೆ ನೆರವಾಗುತ್ತೇವೆ ಎಂದವು. 1969ರ ಒಂದು ಕಂಪನಿಯ ಒಳಗಿನ ಟಿಪ್ಪಣಿ ‘ಸಂಶಯವೇ ನಮ್ಮ ಸರಕು’ ಎಂದು ಬಾಯಿಬಿಟ್ಟೇ ಹೇಳಿತು. ಗೆಲ್ಲಬೇಕಾದ ಅಗತ್ಯವಿರಲಿಲ್ಲ, ಚರ್ಚೆ ಮುಗಿಯದಂತೆ ನೋಡಿಕೊಂಡರೆ ಸಾಕಿತ್ತು.

ಇಂಧನದವರು ಅದೇ ಪಾಠವನ್ನು ಒಪ್ಪಿಸಿದರು. ಎಕ್ಸಾನ್ ಎಂಬ ತೈಲ ಕಂಪನಿಯ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಮಾಡಿದ ಲೆಕ್ಕಾಚಾರಗಳನ್ನು 2023ರಲ್ಲಿ ಸಂಶೋಧಕರು ಪರಿಶೀಲಿಸಿದರು. ದಶಕಕ್ಕೆ ಸುಮಾರು 0.2 ಡಿಗ್ರಿ ಸೆಲ್ಸಿಯಸ್ ತಾಪ ಏರುತ್ತದೆ ಎಂಬ ಅವರ ಅಂದಾಜು ಮುಂದೆ ನಿಜವಾಗಿ ಆದದ್ದಕ್ಕೆ ಬಹಳ ಹತ್ತಿರವಿತ್ತು. ಒಳಗೆ ಇಷ್ಟು ಒಳ್ಳೆಯ ವಿಜ್ಞಾನ, ಹೊರಗೆ ಪತ್ರಿಕೆಗಳಲ್ಲಿ ಹಣ ಕೊಟ್ಟು ಹಾಕಿಸಿದ ಅನುಮಾನದ ಲೇಖನಗಳು. 1989ರಲ್ಲಿ ಹುಟ್ಟಿದ ‘ಗ್ಲೋಬಲ್ ಕ್ಲೈಮೇಟ್ ಕೊಯಲಿಶನ್’ ಎಂಬ ಉದ್ಯಮಗಳ ಒಕ್ಕೂಟದ ಒಂದು ಪ್ರಸಂಗ ಇನ್ನೂ ಸೊಗಸಾಗಿದೆ. 1995ರಲ್ಲಿ ಅದರದೇ ತಾಂತ್ರಿಕ ಸಮಿತಿ ಒಂದು ಕರಡು ಬರೆಯಿತು. ಹಸಿರುಮನೆ ಪರಿಣಾಮದ ವೈಜ್ಞಾನಿಕ ತಳಹದಿ ಅಲ್ಲಗಳೆಯಲಾಗದ್ದು ಎಂದೂ, ಅದನ್ನು ವಿರೋಧಿಸುವ ವಾದಗಳಲ್ಲಿ ಹುರುಳಿಲ್ಲ ಎಂದೂ ಅದರಲ್ಲಿತ್ತು. ಹುರುಳಿಲ್ಲವೆಂದ ಆ ಭಾಗವನ್ನು ಕತ್ತರಿಸಿದ ಮೇಲೆಯೇ ಕರಡು ಹೊರಗೆ ಹೋಯಿತು.

ಸುದ್ದಿಮನೆಗಳು ಇದಕ್ಕೆ ಒದಗಿದ್ದು ದುರುದ್ದೇಶದಿಂದಲ್ಲ, ತಮ್ಮ ಒಳ್ಳೆಯ ಅಭ್ಯಾಸದಿಂದಲೇ. ಎರಡೂ ಕಡೆಯವರ ಮಾತು ಹಾಕಬೇಕು ಎಂಬುದು ಪತ್ರಕರ್ತನಿಗೆ ಕಲಿಸುವ ಮೊದಲ ಪಾಠ. ಅಮೆರಿಕದ ಪ್ರತಿಷ್ಠಿತ ಪತ್ರಿಕೆಗಳು 1988ರಿಂದ 2002ರವರೆಗೆ ಪ್ರಕಟಿಸಿದ ಹವಾಮಾನ ವರದಿಗಳ ಪೈಕಿ ಅಧ್ಯಯನಕ್ಕೆ ಆರಿಸಿಕೊಂಡವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಒಮ್ಮತಕ್ಕೆ ಬಂದಿದ್ದ ವಿಜ್ಞಾನಕ್ಕೂ ಬೆರಳೆಣಿಕೆಯ ವಿರೋಧಿಗಳಿಗೂ ಹೆಚ್ಚುಕಡಿಮೆ ಸಮನಾದ ಜಾಗ ಕೊಟ್ಟಿದ್ದವು ಎಂದು 2004ರ ಸಂಶೋಧನೆಯೊಂದು ತೋರಿಸಿತು. ಅಡ್ಡಗೋಡೆಯ ಮೇಲೆ ದೀಪವಿಡುವುದನ್ನೇ ನ್ಯಾಯ ಎಂದುಕೊಂಡರೆ ಹೀಗಾಗುತ್ತದೆ. ಈಗ ಆ ಸಮತೋಲನದ ಚಾಳಿ ಕಡಿಮೆಯಾಗಿದೆ. ಬದಲಿಗೆ ಬಿಸಿಲಿನ ದಾಖಲೆ ಮುರಿದ ಸುದ್ದಿಗೆ ಕಾರಂಜಿಯಲ್ಲಿ ನಲಿಯುವ ಮಕ್ಕಳ ಚಿತ್ರ ಹಾಕುತ್ತಾರೆ. ಅದೇ ಪುಟದ ಕೆಳಗೆ ಅಗ್ಗದ ವಿಮಾನಯಾನದ ಜಾಹೀರಾತು. ಸಂಪಾದಕರು ಸಂಚು ಹೂಡಿರುವುದಿಲ್ಲ. ಪುಟಕ್ಕೆ ಹಣ ಕೊಡುವವರು ಆ ಕೆಳಗಿನ ಜಾಗದಲ್ಲಿದ್ದಾರೆ, ಅಷ್ಟೆ.

ನೀವು ಕೇಳಿದ ಮೊದಲ ಪ್ರಶ್ನೆಯ ಉತ್ತರದ ಒಂದು ಭಾಗ ಇಲ್ಲೇ ಇದೆ. ಕೊಳ್ಳಿರಿ ಎಂಬ ಸಂದೇಶಕ್ಕೆ ಹಣ ಹಾಕಿದವನಿಗೆ ಮಾರಾಟದಿಂದ ಹಣ ಮರಳುತ್ತದೆ, ಅದರಲ್ಲಿ ಇನ್ನೊಂದು ಜಾಹೀರಾತು ಬರುತ್ತದೆ. ಕೊಳ್ಳಬೇಡಿ ಎಂಬ ಸಂದೇಶಕ್ಕೆ ಹಣ ಹಾಕಿದವನಿಗೆ ಏನೂ ಮರಳುವುದಿಲ್ಲ. ಹಾಗಾಗಿ ಅದು ದಾನದ ಮೇಲೆ, ಸರ್ಕಾರದ ಅನುದಾನದ ಮೇಲೆ ಕುಂಟುತ್ತ ನಡೆಯುತ್ತದೆ. ಇನ್ನೊಂದು ಭಾಗ ಇದಕ್ಕಿಂತ ಮುಖ್ಯ. ಮನವೊಲಿಕೆ ಫಲಿಸುವುದು ಇಳಿಜಾರು ಇರುವ ಕಡೆ. ರಸ್ತೆ, ಸಾಲ, ಬೆಲೆ, ಕೆಲಸದ ಸ್ಥಳ ಎಲ್ಲವೂ ಕಾರಿನ ಕಡೆಗೇ ವಾಲಿರುವಾಗ ಕಾರಿನ ಜಾಹೀರಾತು ಒಂದು ಸಣ್ಣ ತಳ್ಳು ಕೊಟ್ಟರೆ ಸಾಕು. ಅದೇ ಇಳಿಜಾರಿನಲ್ಲಿ ಮೇಲಕ್ಕೆ ಏರಿ ಎಂದು ಎಷ್ಟು ಚೆಂದದ ಚಿತ್ರ ತೋರಿಸಿದರೂ ಏರುವವರು ಕೆಲವೇ ಮಂದಿ ಉತ್ಸಾಹಿಗಳು.

ಇನ್ನು ಭೂಮಿಯ ಮಿತಿಗಳ ಮಾತು. ಇಲ್ಲಿ ಪರಿಸರದ ಕಡೆಯವರೂ ಸಾಕಷ್ಟು ಎಡವಿದ್ದಾರೆ, ಅದನ್ನು ಮುಚ್ಚಿಡಬಾರದು. 1980ರಲ್ಲಿ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಪಂದ್ಯ ಕಟ್ಟಿದರು. ಐದು ಲೋಹಗಳ ಬೆಲೆ ಹತ್ತು ವರ್ಷಗಳಲ್ಲಿ ಏರುತ್ತದೆ ಎಂದು ಎರ್ಲಿಕ್, ಇಳಿಯುತ್ತದೆ ಎಂದು ಸೈಮನ್. 1990ರಲ್ಲಿ ಎರ್ಲಿಕ್ ಸೋತು ಚೆಕ್ ಕಳುಹಿಸಿದರು. ಅಂದಿನಿಂದ ‘ಮಿತಿ ಎಂಬುದೇ ಇಲ್ಲ’ ಎನ್ನುವವರಿಗೆ ಆ ಚೆಕ್ಕೇ ಪ್ರಮಾಣಪತ್ರ. ಆದರೆ ಅದು ಗಣಿಯಿಂದ ತೆಗೆಯುವ ವಸ್ತುಗಳ ಬೆಲೆಯ ಪಂದ್ಯ. ಕಣಜ ಬರಿದಾಗುವ ಮೊದಲೇ ಬಚ್ಚಲು ಕಟ್ಟಿಕೊಳ್ಳಬಹುದು ಎಂಬುದು ಅದರ ಲೆಕ್ಕದಲ್ಲೇ ಇರಲಿಲ್ಲ. ತಾಮ್ರ ಕಡಿಮೆಯಾದರೆ ಬೆಲೆ ಏರಿ ಎಚ್ಚರಿಸುತ್ತದೆ, ಜನ ಬದಲಿಯನ್ನು ಹುಡುಕುತ್ತಾರೆ. ಗಾಳಿಗೆ ಹೊಗೆ ಬಿಡುವುದಕ್ಕೆ ಬಹುಕಾಲ ಬೆಲೆಯೇ ಇರಲಿಲ್ಲ, ಹಾಗಾಗಿ ಎಚ್ಚರಿಕೆಯ ಗಂಟೆಯೂ ಇರಲಿಲ್ಲ. ಕೈಗಾರಿಕೆಗಳಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್‌ನವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಸುಮಾರು 315. ಈಗ 420ನ್ನೂ ದಾಟಿದೆ. ಈ ಏರಿಕೆಗೆ ಯಾವ ಪಕ್ಷದ ವಕ್ತಾರನ ಮಾತೂ ಕೇಳಿಸುವುದಿಲ್ಲ, ಪರಿಸರ ದಿನದ ಪ್ರತಿಜ್ಞೆಯೂ ಕೇಳಿಸುವುದಿಲ್ಲ. ಈ ಎರಡನೆಯದನ್ನು ನಾವು ಮರೆಯುತ್ತೇವೆ. ಜಾಗೃತಿ ಮೂಡಿತು ಎಂಬುದು ಮನುಷ್ಯರ ನಡುವಿನ ಸುದ್ದಿ. ವಾತಾವರಣಕ್ಕೆ ತಲುಪುವುದು ಉರಿದದ್ದು ಮತ್ತು ಉರಿಯದೆ ಉಳಿದದ್ದು ಮಾತ್ರ.

ಹಾಗಾದರೆ ಮನವೊಲಿಕೆಯಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್, ಸ್ಪ್ರೇ ಡಬ್ಬಿ, ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ತಿನ್ನುತ್ತವೆ ಎಂದು ಎಚ್ಚರಿಸಿದರು. ಪತ್ರಿಕೆಗಳು ಬರೆದವು, ಅಮೆರಿಕದ ಗ್ರಾಹಕರು ಕಾನೂನಿಗೆ ಕಾಯದೆ ಸ್ಪ್ರೇ ಡಬ್ಬಿಗಳನ್ನು ಬಿಡತೊಡಗಿದರು. ಮಾಧ್ಯಮದ ಗೆಲುವೆಂದರೆ ಇದೇ ತಾನೇ? ಆದರೆ ಫ್ರಿಜ್, ಫೋಮ್, ಎಲೆಕ್ಟ್ರಾನಿಕ್ ಭಾಗಗಳನ್ನು ತೊಳೆಯುವ ದ್ರಾವಣ ಇತ್ಯಾದಿಗಳಲ್ಲಿ ಅದೇ ಅನಿಲದ ಬಳಕೆ ಮುಂದುವರಿದು 1980ರ ದಶಕದಲ್ಲಿ ಉತ್ಪಾದನೆ ಮತ್ತೆ ಏರಿತು. ಫ್ರಿಜ್ಜಿನ ಕೊಳವೆಯೊಳಗೆ ಏನಿದೆ ಎಂದು ಯಾವ ಗ್ರಾಹಕ ನೋಡುತ್ತಾನೆ? 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರವನ್ನು ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು, ಆ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿಯವರೆಗೆ ಪುರಾವೆ ಸಾಲದು ಎನ್ನುತ್ತಿದ್ದ, ಆ ಅನಿಲಗಳ ಅತಿ ದೊಡ್ಡ ಉತ್ಪಾದಕ ಡುಪಾಂಟ್, 1988ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಈಗಿನ ನಿಯಮಗಳು ಹೀಗೇ ಮುಂದುವರಿದರೆ ಅಂಟಾರ್ಕ್ಟಿಕಾದ ಮೇಲೆ ಓಝೋನ್ 1980ರ ಮಟ್ಟಕ್ಕೆ ಮರಳಲು ಸುಮಾರು 2066 ಆಗುತ್ತದೆ ಎಂಬುದು 2022ರ ಅಂದಾಜು.

ಇಲ್ಲಿ ಮನವೊಲಿಕೆ ಕೆಲಸ ಮಾಡಿತು: ಕೋಟ್ಯಂತರ ಜನರ ಅಭ್ಯಾಸವನ್ನು ಬದಲಿಸಿದ್ದರಿಂದಲ್ಲ, ಕೈಬೆರಳಲ್ಲಿ ಎಣಿಸಬಹುದಾದ ಉತ್ಪಾದಕರಿಗೆ ಕಾನೂನಿನ ಕಡಿವಾಣ ಬೀಳುವಷ್ಟು ಒತ್ತಡ ಹುಟ್ಟಿಸಿದ್ದರಿಂದ. ಹವಾಮಾನದ ಸಮಸ್ಯೆ ಇಷ್ಟು ಸುಲಭದ್ದಲ್ಲ. ಆ ಅನಿಲಗಳಿಗೆ ಬದಲಿ ಸಿಕ್ಕಿತ್ತು, ಅವು ಲೋಕದ ಇಡೀ ಆರ್ಥಿಕತೆಯ ಬೆನ್ನೆಲುಬೂ ಆಗಿರಲಿಲ್ಲ. ಕಲ್ಲಿದ್ದಲು, ತೈಲದ ಕಥೆ ಬೇರೆ. ಮಾಂಟ್ರಿಯಲ್ ಉದಾಹರಣೆ ಕೊಟ್ಟು ‘ನಾವು ಇದನ್ನೂ ಮಾಡಬಲ್ಲೆವು’ ಎಂದು ಬೆನ್ನು ತಟ್ಟಿಕೊಳ್ಳುವವರ ಉತ್ಸಾಹವನ್ನು ನಾನು ಪೂರ್ತಿ ಹಂಚಿಕೊಳ್ಳಲಾರೆ.

ಯಾರನ್ನು ನಂಬಬೇಕು ಎಂದು ಕೇಳಿದ್ದೀರಿ. ವ್ಯಕ್ತಿಯನ್ನು ನಂಬುವ ಬಿಡುವ ಗೋಜಿಗಿಂತ, ನಿಮ್ಮ ಜವಾಬ್ದಾರಿಯನ್ನು ನೆನಪಿಸುವ ಸಂದೇಶವೊಂದು ಇದ್ದಕ್ಕಿದ್ದಂತೆ ಎಲ್ಲೆಡೆ ಕಾಣಿಸಿಕೊಂಡರೆ, ಆ ಹೊತ್ತಿನಲ್ಲಿ ಯಾವ ಮಸೂದೆ ಶಾಸನಸಭೆಯ ಮುಂದಿದೆ ಎಂದು ಹುಡುಕಿ ನೋಡಿ. ಪ್ಲಾಸ್ಟಿಕ್ ಡಬ್ಬಿಗಳ ತಳದಲ್ಲಿ ಬಾಣಗಳ ತ್ರಿಕೋನ, ಒಳಗೊಂದು ಸಂಖ್ಯೆ ಇರುತ್ತದಲ್ಲ, ಅದನ್ನು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದದ್ದು 1988ರಲ್ಲಿ, ಪ್ಲಾಸ್ಟಿಕ್ ನಿಷೇಧದ ಮಾತು ಅಲ್ಲಿ ಬಿಸಿಯಾಗಿದ್ದ ಕಾಲದಲ್ಲಿ. ಆ ಸಂಖ್ಯೆ ಹೇಳುವುದು ಇದು ಯಾವ ಬಗೆಯ ಪ್ಲಾಸ್ಟಿಕ್ ಎಂದು ಮಾತ್ರ. ಜನ ಅದನ್ನು ‘ಇದು ಮರುಬಳಕೆಯಾಗುತ್ತದೆ’ ಎಂದು ಓದಿಕೊಂಡರು, ಓದಿಕೊಳ್ಳಲೆಂದೇ ಬಾಣಗಳು ಹಾಗಿದ್ದವು ಎಂಬುದು ನನ್ನ ಅನುಮಾನ. 2015ರವರೆಗೆ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಸುಮಾರು ಶೇ. 9. ಬಾಣಗಳ ಬದಲು ಬರೀ ತ್ರಿಕೋನ ಸಾಕು ಎಂದು ಮಾನಕ ಸಂಸ್ಥೆ 2013ರಲ್ಲಿ ತಿದ್ದಿತು. ಅಷ್ಟು ಹೊತ್ತಿಗೆ ಹಲವು ಅಮೆರಿಕದ ರಾಜ್ಯಗಳ ಕಾನೂನಿನಲ್ಲೇ ಬಾಣಗಳು ಬರೆದುಹೋಗಿದ್ದವು.